ನಾಲ್ಕನೆಯ ಕೈಗಾಗಿ ಸವಾಲು

ಯಲಬುರ್ಗಾ ತಾಲ್ಲೂಕಿನ ಒಂದು ಸಣ್ಣ ಊರಿನ ಜಾತ್ರೆ. ತೇರು ಎಳೆದು ನಿಲ್ಲಿಸಿದ ಮೇಲೆ ಗುಡಿಯ ಕಟ್ಟೆಯಲ್ಲಿ ದೇವರ ಕಾಯಿಯ ಸವಾಲು ನಡೆದಿತ್ತು. ಹನ್ನೊಂದು ರೂಪಾಯಿಗೆ ಆರಂಭವಾದ ಕೂಗು ನೂರರ ಹತ್ತಿರ ಬರುವಷ್ಟರಲ್ಲಿ ಮಂದಿಯೆಲ್ಲ ಹಿಂದೆ ಸರಿದು ಇಬ್ಬರೇ ಉಳಿದರು. ಒಬ್ಬರು ಅರಿವೆ ಅಂಗಡಿಯ ಸಾಹುಕಾರರು. ಇನ್ನೊಬ್ಬರು ಹತ್ತೆತ್ತಿನ ಒಕ್ಕಲಿಗರು. ಇಬ್ಬರೂ ಬೀಗರು, ಮಾತು ಬಿಟ್ಟು ಎರಡು ವರ್ಷವಾಗಿತ್ತು. ಇನ್ನೂರು, ಮುನ್ನೂರು, ನಾಲ್ಕುನೂರು. ಕಾಯಿ ಮಾತ್ರ ಅದೇ ಕಾಯಿ. ಸಾಹುಕಾರರು ಐನೂರು ಎಂದರು. ಒಕ್ಕಲಿಗರು ಉಸಿರು ತೆಗೆದುಕೊಳ್ಳದೆ ಐನೂರಾ ಒಂದು ಎಂದರು. ಆಗ ಸಾಹುಕಾರರು ಮೆಲ್ಲನೆ ನಕ್ಕು ಎಲೆಯಡಿಕೆಯ ಚೀಲ ಬಿಚ್ಚಿ ಕೂತುಬಿಟ್ಟರು. ಗೆದ್ದವರು ಯಾರು ಎಂದು ನಾನು ಪಕ್ಕದಲ್ಲಿದ್ದ ಸೋದರಮಾವನನ್ನು ಕೇಳಿದೆ. "ಕಾಯಿ ಇವನು ಗೆದ್ದ, ಆಟ ಅವನು ಗೆದ್ದ" ಎಂದ ನಮ್ಮ ಮಾವ.

ಆ ಮಾತಿನ ಅರ್ಥ ನನಗೆ ನೆಟ್ಟಗೆ ತಿಳಿದದ್ದು ಬಹುಕಾಲದ ಮೇಲೆ, ಬ್ರಿಜ್ ಎಂಬ ಇಸ್ಪೀಟಿನ ಆಟವನ್ನು ಕಲಿತಾಗ. ಬ್ರಿಜ್ ಎಂದರೆ ಕ್ಲಬ್ಬುಗಳಲ್ಲಿ ಸೂಟು ಧರಿಸಿದ ದೊಡ್ಡ ಅಧಿಕಾರಿಗಳು ಹೊತ್ತು ಕಳೆಯುವ ಆಟವೆಂದು ನಮ್ಮಲ್ಲಿ ಹಲವರ ಭಾವನೆ. ಆ ಭಾವನೆ ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಆ ಆಟದ ಜೀವಾಳ ಎಲೆ ಇಳಿಸುವುದರಲ್ಲಿಲ್ಲ. ಎಲೆ ಇಳಿಸುವುದಕ್ಕೆ ಮುಂಚೆ ನಡೆಯುವ ಸವಾಲಿನಲ್ಲಿದೆ. ಆ ಸವಾಲು ಇಂಗ್ಲೆಂಡಿನ ಕ್ಲಬ್ಬಿನಿಂದ ಇಲ್ಲಿಗೆ ಬಂದದ್ದಲ್ಲ. ಇಲ್ಲಿಂದ ಅಲ್ಲಿಗೆ ಹೋದದ್ದು ಎಂದರೆ ಓದುಗರಿಗೆ ಸೋಜಿಗವಾದೀತು. ಅದರ ಕಥೆಯನ್ನು ಹೇಳುವುದೇ ಈ ಬರಹದ ಉದ್ದೇಶ.

ಮೊದಲು ಮಾತುಗಳ ವಿಚಾರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು 1948ರವರೆಗೆ ನಿಜಾಮರ ಹೈದರಾಬಾದಿಗೆ ಸೇರಿದ್ದುವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1997ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿದ್ದು, ಆಮೇಲೆ ಕೊಪ್ಪಳವೇ ಒಂದು ಜಿಲ್ಲೆಯಾಯಿತು. ಪಡುವಲಿಗೆ ಗದಗಿನ ಕಡೆ ಮುಂಬಯಿ ಸರಕಾರದ ಕನ್ನಡ. ಅಲ್ಲಿಯ ಜನ ಲಿಲಾವು ಎನ್ನುತ್ತಾರೆ. ಅದು ಪೋರ್ಚುಗೀಸರ 'ಲೈಲಾಂವ್'. ಮೂಡಲಿನಿಂದ ಬಂದದ್ದು ಹರಾಜು. ಅದು ಅರಬ್ಬಿಯ ಮಾತು, ನಿಜಾಮರ ಕಚೇರಿಯ ಉರ್ದುವಿನ ಮೂಲಕ ಬಂದದ್ದು. ಕೊಪ್ಪಳದ ಪೇಟೆಯಲ್ಲಿ ಎರಡೂ ಮಾತು ಎದುರುಬದುರಾಗುತ್ತವೆ. ಇನ್ನು ಸವಾಲು. ಅರಬ್ಬಿಯಲ್ಲಿ ಅದಕ್ಕೆ ಪ್ರಶ್ನೆ ಎಂದೇ ಅರ್ಥ. ಹರಾಜಿನ ಕಟ್ಟೆಯಲ್ಲಿ ನಿಂತು ಒಬ್ಬನು "ನೂರು" ಎಂದರೆ, ಅದು ಬೆಲೆಯೂ ಹೌದು, "ನೀನು ಇನ್ನೂ ಮೇಲಕ್ಕೆ ಬರುತ್ತೀಯಾ?" ಎಂಬ ಪ್ರಶ್ನೆಯೂ ಹೌದು. ಬ್ರಿಜ್ಜಿನ ಕೂಗಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ಇಂಗ್ಲಿಷಿನವರು ಕೂಡ ಇಟ್ಟಿಲ್ಲ.

ಎಲೆಗಳ ಹೆಸರುಗಳೂ ಹೀಗೆಯೇ ಊರೂರು ಸುತ್ತಿ ಬಂದವು. ಕಳಾವರ ಎಂಬುದು ಡಚ್ಚರ 'ಕ್ಲಾವರ್' ಎಂದೂ, ಮೈಸೂರಿನ ಕಡೆಯ ಆಟೀನು ಅವರ 'ಹಾರ್ಟನ್' ಎಂದೂ ಹೇಳುತ್ತಾರೆ. ಮರಾಠಿಯ ಗಾಳಿ ಬೀಸುವ ನಮ್ಮ ಕಡೆ ಆಟೀನಿಗೆ ಬದಾಮು ಎಂದು ಹೆಸರು. ಕೆಂಪು ಗುರುತಿನಲ್ಲಿ ಹೃದಯವನ್ನು ಕಾಣದೆ ಬಾದಾಮಿಯನ್ನು ಕಂಡವರು ಹೆಚ್ಚು ರಸಿಕರೋ ಹೆಚ್ಚು ಹಸಿದವರೋ ನಾನು ಹೇಳಲಾರೆ. ತುರುಫಿಗೆ ನಮ್ಮಲ್ಲಿ ಹುಕುಂ ಎನ್ನುತ್ತಾರೆ, ಆಜ್ಞೆ ಎಂದರ್ಥ. ಆ ಹುಕುಮನ್ನು ಯಾರು ಹೊರಡಿಸಬೇಕು ಎಂಬುದೇ ಇಸ್ಪೀಟಾಟದ ಇತಿಹಾಸದಲ್ಲಿ ನಾಲ್ಕುನೂರು ವರ್ಷದ ಜಗಳ.

ನಮ್ಮ ಹಳೆಯ ಗಂಜೀಫದಲ್ಲಿ ಆ ಜಗಳವೇ ಇರಲಿಲ್ಲ. ಬಾಬರನು 1527ರಲ್ಲಿ ಸಿಂಧಿನ ಶಾಹ ಹಸನನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿಕೊಟ್ಟುದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ದಶಾವತಾರ ಗಂಜೀಫಕ್ಕೆ ನೂರಿಪ್ಪತ್ತು ದುಂಡನೆಯ ಎಲೆಗಳು. ಹತ್ತು ಅವತಾರಗಳಿಗೆ ಹನ್ನೆರಡು ಹನ್ನೆರಡು. ಹಗಲಾದರೆ ರಾಮನ ಎಲೆಯಿಂದ ಆಟ ಮೊದಲು, ರಾತ್ರಿಯಾದರೆ ಕೃಷ್ಣನ ಎಲೆಯಿಂದ. ಸೂರ್ಯನೇ ತೀರ್ಪುಗಾರ, ಕೂಗುವುದಕ್ಕೆ ಏನೂ ಇಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟವನ್ನು ಎಲ್ಲಿಗೋ ಕೊಂಡೊಯ್ದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಅವರು ವರ್ಣಿಸಿರುವ ಚದಗಳಲ್ಲಿ ಮುನ್ನೂರಕ್ಕೂ ಮಿಕ್ಕ ಎಲೆಗಳ ಆಟಗಳುಂಟು. ಅಷ್ಟು ಎಲೆಗಳ ನಡುವೆಯೂ ಬ್ರಿಜ್ಜಿನಂಥ ಸವಾಲು ಹುಟ್ಟಲಿಲ್ಲ. ಅರಮನೆಯಲ್ಲಿ ಕೂತ ಮಂದಿ ಒಬ್ಬರ ಮೇಲೊಬ್ಬರು ಕೂಗುವುದು ಮರ್ಯಾದೆಯಲ್ಲವೆಂದೋ ಏನೋ!

ಯುರೋಪಿನಲ್ಲಿ ಸ್ಪೇನಿನವರ ಓಂಬರ್ ಎಂಬ ಮೂವರ ಆಟದಲ್ಲಿ ಕೂಗು ಇದ್ದಿತು. ಆದರೆ ಇಂಗ್ಲೆಂಡಿನವರ ಮುದ್ದಿನ ವಿಸ್ಟ್ ಆಟದಲ್ಲಿ, 1742ರಲ್ಲಿ ಹಾಯ್ಲನು ಅದಕ್ಕೆ ಶಾಸ್ತ್ರಗ್ರಂಥ ಬರೆದ ಕಾಲಕ್ಕೂ, ಹಂಚುವವನ ಕೊನೆಯ ಎಲೆ ಮಗುಚಿದಾಗ ಕಂಡ ಜಾತಿಯೇ ಹುಕುಂ. ವಿಧಿ ಹೇಳಿತು, ಮುಗಿಯಿತು. 1886ರಲ್ಲಿ ಲಂಡನ್ನಿನಲ್ಲಿ 'ಬಿರಿಚ್ ಅಥವಾ ರಷ್ಯನ್ ವಿಸ್ಟ್' ಎಂಬ ಸಣ್ಣ ಕಿರುಹೊತ್ತಗೆ ಬಂದಿತು. ಅದರಲ್ಲಿ ಹುಕುಮನ್ನು ಹಂಚಿದವನು ಹೇಳಬೇಕು, ಅವನು ಒಲ್ಲದಿದ್ದರೆ ಎದುರಿಗೆ ಕೂತ ಜೊತೆಗಾರನು ಹೇಳಬೇಕು. ಜೊತೆಗಾರನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಆಡುವ ಪದ್ಧತಿಯೂ ಅದರಲ್ಲಿತ್ತು. ಇದೇ ಬ್ರಿಜ್, 1894ರಲ್ಲಿ ಲಂಡನ್ನಿನ ಪೋರ್ಟ್‌ಲೆಂಡ್ ಕ್ಲಬ್ಬಿಗೆ ಹೊಕ್ಕು ವಿಸ್ಟನ್ನು ಮೂಲೆಗೆ ತಳ್ಳಿತು. ಆದರೂ ಎದುರು ಪಕ್ಷದವರಿಗೆ ಹುಕುಂ ಕೇಳುವ ಹಕ್ಕಿಲ್ಲ. ಹಂಚಿದವನದೇ ದರ್ಬಾರು.

ಆ ಹಕ್ಕು ಹುಟ್ಟಿದ್ದು ನಮ್ಮ ದೇಶದ ಒಂದು ಒಂಟಿ ಠಾಣೆಯಲ್ಲಿ. ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಇಂಡಿಯನ್ ಸಿವಿಲ್ ಸರ್ವಿಸಿನ ಮೂವರು ಅಧಿಕಾರಿಗಳು ಊರಿಂದ ದೂರದ ಠಾಣೆಯೊಂದರಲ್ಲಿ ಇದ್ದರಂತೆ. ಬ್ರಿಜ್ಜಿಗೆ ನಾಲ್ವರು ಬೇಕು, ಇದ್ದವರು ಮೂವರೇ. ನಾಲ್ಕನೆಯವನನ್ನು ಎಲ್ಲಿಂದ ತರುವುದು? ಆಗ ಅವರು ಕಂಡುಕೊಂಡ ಉಪಾಯದ ತಿರುಳು ಇಷ್ಟು: ನಾಲ್ಕನೆಯ ಕೈಯನ್ನು ಖಾಲಿ ಕುರ್ಚಿಯ ಮುಂದೆ ಹಂಚಿಡುವುದು, ಆ ಕೈಯನ್ನು ಜೊತೆಗಿಟ್ಟುಕೊಂಡು ಆಡುವ ಹಕ್ಕನ್ನು ಮೂವರೂ ಹರಾಜಿನಲ್ಲಿ ಕೂಗುವುದು. ಹೆಚ್ಚು ಕೂಗಿದವನಿಗೆ ಕೈ, ಅವನು ಹೇಳಿದ್ದೇ ಹುಕುಂ. ಈ ಹರಾಜಿನ ಬ್ರಿಜ್ಜಿನ ವಿವರವನ್ನು ಅವರಲ್ಲಿ ಒಬ್ಬರಾದ ಎಫ್. ರೋ ಎಂಬವರು 'ಜಾನ್ ಡೋ' ಎಂಬ ಕಳ್ಳಹೆಸರಿನಲ್ಲಿ ಅಲಹಾಬಾದಿನಿಂದ ಪುಸ್ತಕವಾಗಿ ಪ್ರಕಟಿಸಿದರು. ಇಂಗ್ಲಿಷ್ ನ್ಯಾಯಾಲಯಗಳ ದಾವೆಗಳಲ್ಲಿ ಡೋ ಮತ್ತು ರೋ ಇಬ್ಬರೂ ಹುಟ್ಟದೆಯೇ ಬದುಕಿದ ಅವಳಿ ಕಕ್ಷಿಗಾರರು. ಹೀಗಾಗಿ ನಿಜವಾದ ರೋ ಒಬ್ಬರು ಡೋ ಎಂದು ಸಹಿ ಹಾಕಿದ್ದು ಕಚೇರಿಯ ಮಂದಿಗೆ ನಗೆ ತಂದಿರಬೇಕು. 1903ರ ಜನವರಿಯಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಆಸ್ವಲ್ಡ್ ಕ್ರಾಫರ್ಡ್ ಎಂಬವರು ಹರಾಜಿನ ಬ್ರಿಜ್ಜಿನ ವಿಷಯವಾಗಿ ಕಾಗದ ಬರೆದರು. 1908ರ ಸುಮಾರಿಗೆ ಲಂಡನ್ನಿನ ಕ್ಲಬ್ಬುಗಳು ನಾಲ್ವರ ಹರಾಜು ಬ್ರಿಜ್ಜಿಗೆ ಕಾನೂನು ಕಟ್ಟಿದುವು.

ಆ ಮೂವರಿಗೆ ಹರಾಜಿನ ಯೋಚನೆ ಏಕೆ ಹೊಳೆಯಿತು? ದಾಖಲೆಯಲ್ಲಿ ಉತ್ತರವಿಲ್ಲ, ನನ್ನ ಊಹೆಯನ್ನು ಊಹೆಯೆಂದೇ ಹೇಳುತ್ತೇನೆ. ಮೂವರೇ ಆಡುವ ಆಟ ನಮ್ಮಲ್ಲಿಯೂ ಉಂಟು: 'ತೀನ್ ದೋ ಪಾಂಚ್'. ಮೂವತ್ತು ಎಲೆ, ಮೂವರಿಗೆ ಹತ್ತು ಹತ್ತು. ಒಬ್ಬನು ಐದು ಪಟ್ಟು ಗೆಲ್ಲಬೇಕು, ಒಬ್ಬನು ಮೂರು, ಒಬ್ಬನು ಎರಡು. (ಒಂದು ಸುತ್ತಿಗೆ ಎಲ್ಲರೂ ಹಾಕಿದ ಎಲೆಗಳನ್ನು ಗೆದ್ದುಕೊಳ್ಳುವುದಕ್ಕೆ ಪಟ್ಟು ಎಂದು ಈ ಬರಹದ ಮಟ್ಟಿಗೆ ಕರೆದುಕೊಳ್ಳೋಣ.) ಇಲ್ಲಿ ಹೊಣೆ ಪಾಳಿಯ ಮೇಲೆ ಬರುತ್ತದೆ, ಕೂಗಿ ಪಡೆದದ್ದಲ್ಲ. ಹಳ್ಳಿಯ ನೀರಿನ ಪಾಳಿ ಇದ್ದ ಹಾಗೆ. ಆದರೆ ಸರಕಾರದ ಅಧಿಕಾರಿಯ ದಿನ ಕಳೆಯುತ್ತಿದ್ದುದು ಪಾಳಿಯಲ್ಲಲ್ಲ, ಹರಾಜಿನಲ್ಲಿ. ಕಂದಾಯ ಬಾಕಿಯ ಜಮೀನು ಹರಾಜು, ಜಪ್ತಿಯ ದನ ಹರಾಜು, ಹೆಂಡದ ಅಂಗಡಿ ಹರಾಜು, ಹುಲ್ಲುಗಾವಲು ಹರಾಜು. ಹಗಲೆಲ್ಲ ಕಚೇರಿಯ ಜಗಲಿಯಲ್ಲಿ "ಒಂದು ಸಾರಿ, ಎರಡು ಸಾರಿ" ಕೇಳಿದ ಕಿವಿಗೆ ಸಂಜೆ ಬೇರೆ ಏನು ಹೊಳೆದೀತು?

ಹರಾಜು ಎಂದರೆ ಈ ಸೀಮೆಗೆ ನಗುವ ವಿಷಯವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಚಂದೂಲಾಲರು ಹೈದರಾಬಾದಿನ ಆಡಳಿತ ನಡೆಸುತ್ತಿದ್ದಾಗ, ಸೀಮೆ ಸೀಮೆಗಳ ಕಂದಾಯ ವಸೂಲಿಯನ್ನೇ ಹೆಚ್ಚು ಕೂಗಿದವರಿಗೆ ಗುತ್ತಿಗೆ ಕೊಡುತ್ತಿದ್ದರು. ಒಬ್ಬನು ಒಂದು ಮೊತ್ತಕ್ಕೆ ಹಿಡಿದು ಬಂದು ಕೂರುವಷ್ಟರಲ್ಲಿ ಇನ್ನೊಬ್ಬನು ಅದಕ್ಕಿಂತ ಹೆಚ್ಚು ಕೂಗಿ ಅವನನ್ನು ಎಬ್ಬಿಸುವುದುಂಟು. ಯಾವಾಗ ಏಳಬೇಕಾದೀತೋ ಎಂಬ ಹೆದರಿಕೆಯಲ್ಲಿ ಗುತ್ತೇದಾರನು ಕೈಗೆ ಸಿಕ್ಕಿದ್ದನ್ನು ಬೇಗ ಬೇಗ ಬಳಿದುಕೊಳ್ಳುತ್ತಿದ್ದನು. ಅತಿಯಾಗಿ ಕೂಗಿದವನು ಅವನು, ಆ ಕೂಗಿನ ಬೆಲೆ ತೆತ್ತವನು ನೇಗಿಲ ಹಿಂದೆ ನಡೆಯುತ್ತಿದ್ದ ರೈತ. 1820ರ ದಶಕದಲ್ಲಿ ರೆಸಿಡೆಂಟನಾಗಿ ಬಂದ ಮೆಟ್ಕಾಫನು ಇದನ್ನು ತಡೆಯಲು ಕೈ ಹಾಕಿದನು. ಅವನು ಹೋದ ಮೇಲೆ ಹಳೆಯ ಚಾಳಿಯೇ ಮರಳಿತು. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗರು ಈ ಗುತ್ತಿಗೆಯ ಪದ್ಧತಿಯನ್ನು ಕಿತ್ತುಹಾಕಿ ಸಂಬಳದ ತಾಲ್ಲೂಕುದಾರರನ್ನು ನೇಮಿಸಿದರು. ಕೊಪ್ಪಳ, ಯಲಬುರ್ಗಾ ಇವು ಆ ಸಾಲಾರ್ ಜಂಗ್ ಮನೆತನದ ಜಾಗೀರುಗಳೇ ಆಗಿದ್ದುವು. ಗಂಗಾವತಿ, ಕುಷ್ಟಗಿಗಳು ಲಿಂಗಸುಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆ ಮುರಿದಾಗ ರಾಯಚೂರಿಗೆ ಸೇರಿದುವು. ಕಂದಾಯದ ಹರಾಜು ಹೋದರೂ ಸಾರಾಯಿಯ ಹರಾಜು ಉಳಿಯಿತು. ಗುತ್ತೇದಾರ ಎಂಬುದು ಕಲಬುರಗಿಯ ಕಡೆ ಇಂದಿಗೂ ಮನೆತನದ ಅಡ್ಡಹೆಸರು.

ಇಷ್ಟನ್ನು ಹೇಳಿದ್ದು ಒಂದು ಕಾರಣಕ್ಕೆ. ಹರಾಜಿನ ಬ್ರಿಜ್ಜಿನಲ್ಲಿಯೂ ಮೊದಲು ಒಂದು ಕೊರತೆ ಇತ್ತು: ಕೂಗಿಗೂ ಗಳಿಕೆಗೂ ಸರಿಯಾದ ಗಂಟು ಬಿದ್ದಿರಲಿಲ್ಲ. ಎರಡು ಎಂದು ಕೂಗಿ ನಾಲ್ಕು ಗೆದ್ದರೆ ನಾಲ್ಕರ ಫಲವೂ ಸಿಗುತ್ತಿತ್ತು. ಹಾಗಾದ ಮೇಲೆ ಎದುರಿನವರು ನೂಕದೆ ಯಾರು ಮೇಲಕ್ಕೆ ಕೂಗಿಯಾರು? ಕೂಗಿದಷ್ಟಕ್ಕೇ ಫಲ, ಕೂಗದಿದ್ದರೆ ಇಲ್ಲ ಎಂಬ ನಿಯಮವನ್ನು ಮೊದಲು ತಂದವರೂ ನಮ್ಮ ದೇಶದಲ್ಲಿದ್ದವರೇ. 1912ರ ಸುಮಾರಿಗೆ ಪುಣೆಯಲ್ಲಿ ಹ್ಯೂ ಕ್ಲೇಟನ್ ಮತ್ತು ಅವರ ಜೊತೆಗಾರರು ಇಂಥ ಒಂದು ಆಟವನ್ನು ಕಟ್ಟಿದರು. ಎಸ್.ಎ.ಸಿ.ಸಿ. ಎಂದು ಅದರ ಹೆಸರು. 1914ರಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಅದರ ವಿವರ ಬಂದಿತು; ಅದೇ ವರ್ಷ ಮಹಾಯುದ್ಧವೂ ಬಂದಿತು. ಫ್ರಾನ್ಸಿನಲ್ಲಿ ಇದೇ ತತ್ತ್ವದ ಪ್ಲಾಫೋಂ ಎಂಬ ಆಟ ರೂಢಿಯಾಯಿತು. ಕೊನೆಗೆ 1925ರ ಶರತ್ಕಾಲದಲ್ಲಿ ಅಮೆರಿಕದ ಶ್ರೀಮಂತ ಹೆರಾಲ್ಡ್ ವಾಂಡರ್‌ಬಿಲ್ಟ್ 'ಫಿನ್‌ಲೆಂಡ್' ಎಂಬ ಹಡಗಿನಲ್ಲಿ ಪನಾಮಾ ಕಾಲುವೆಯ ಮೂಲಕ ಹೋಗುತ್ತ ಅಂಕಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದನು. ಅದೇ ಕಾಂಟ್ರಾಕ್ಟ್ ಬ್ರಿಜ್. ಕೀರ್ತಿ ವಾಂಡರ್‌ಬಿಲ್ಟನಿಗೆ ಸಂದಿತು. ಪುಣೆಯವರನ್ನು ಬಲ್ಲವರು ಬಲು ಕಡಮೆ.

ಈಗ ಆಟದ ಒಳಗೆ ಸ್ವಲ್ಪ ಇಣುಕೋಣ. ಐವತ್ತೆರಡು ಎಲೆ, ನಾಲ್ವರಿಗೆ ಹದಿಮೂರು ಹದಿಮೂರು; ಎದುರುಬದುರು ಕೂತವರು ಒಂದು ಪಕ್ಷ. ಗೆಲ್ಲಬಹುದಾದ ಪಟ್ಟುಗಳು ಹದಿಮೂರು. ಮೊದಲ ಆರು ಲೆಕ್ಕಕ್ಕಿಲ್ಲ; 'ಒಂದು ಇಸ್ಪೇಟು' ಎಂದು ಕೂಗಿದರೆ ಇಸ್ಪೇಟು ಹುಕುಮಾಗಿ ಏಳು ಪಟ್ಟು ಗೆಲ್ಲುವೆನೆಂದು ಅರ್ಥ, 'ಏಳು' ಎಂದರೆ ಹದಿಮೂರೂ ನನ್ನವೇ ಎಂದು. ಜಾತಿಗಳಲ್ಲಿ ಕಳಾವರ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಡೈಮನ್, ಆಟೀನು, ಇಸ್ಪೇಟು. ಎಲ್ಲಕ್ಕೂ ಮೇಲೆ ಹುಕುಮೇ ಇಲ್ಲದ ಆಟ. ಹೀಗೆ ಒಟ್ಟು ಮೂವತ್ತೈದು ಮೆಟ್ಟಿಲು. ಇವಲ್ಲದೆ 'ಪಾಸ್', 'ಡಬಲ್', 'ರಿಡಬಲ್' ಎಂಬ ಮೂರು ಮಾತು. ಮೂವತ್ತೆಂಟು ಮಾತುಗಳ ಈ ಪುಟ್ಟ ಭಾಷೆಯಲ್ಲಿ ಜೊತೆಗಾರನಿಗೆ ನನ್ನ ಹದಿಮೂರು ಎಲೆಗಳ ಕಥೆ ಹೇಳಬೇಕು. ಅವನ ಕಥೆ ಕೇಳಬೇಕು. ಎದುರಿನವರು ಅವರ ಕಥೆ ಹೇಳಿಕೊಳ್ಳದಂತೆ ನಡುವೆ ಅಡ್ಡವೂ ಬೀಳಬೇಕು. ಸಂತೆಯ ಹರಾಜಿಗೂ ಇದಕ್ಕೂ ವ್ಯತ್ಯಾಸ ಇಲ್ಲಿಯೇ. ಗಂಗಾವತಿಯ ಭತ್ತದ ಪೇಟೆಯಲ್ಲಿ ಕೂಗುವ ವ್ಯಾಪಾರಿ ಮನಸ್ಸಿನಲ್ಲಿದ್ದುದನ್ನು ಮುಚ್ಚಿಟ್ಟು ಕೂಗುತ್ತಾನೆ. ಬ್ರಿಜ್ಜಿನಲ್ಲಿ ಮುಚ್ಚಿಟ್ಟರೆ ಜೊತೆಗಾರನೇ ದಾರಿ ತಪ್ಪುತ್ತಾನೆ. ಬಿಚ್ಚಿಟ್ಟರೆ ವೈರಿಗೂ ಕೇಳಿಸುತ್ತದೆ.

ಒಂದು ಉದಾಹರಣೆ. ಎದುರಿನವರು ನಾಲ್ಕು ಇಸ್ಪೇಟು ಕೂಗಿದ್ದಾರೆ. ಹತ್ತು ಪಟ್ಟು ಗೆದ್ದೇ ಗೆಲ್ಲುವಂತೆ ತೋರುತ್ತದೆ. ಅವರು 'ವಲ್ನರಬಲ್', ಎಂದರೆ ಗೆದ್ದರೆ ದೊಡ್ಡ ಬಹುಮಾನ, ಸೋತರೆ ದೊಡ್ಡ ದಂಡ ಇರುವ ಸ್ಥಿತಿಯಲ್ಲಿದ್ದಾರೆ, ನಾವು ಇಲ್ಲ. ಅವರಿಗೆ ಬರುವುದು 620 ಅಂಕ. ನಮ್ಮಲ್ಲಿ ಆಟೀನು ಬೇಕಾದಷ್ಟಿವೆ. ಆದರೆ ಹನ್ನೊಂದು ಪಟ್ಟು ಗೆಲ್ಲುವ ಶಕ್ತಿ ಖಂಡಿತ ಇಲ್ಲ. ಆದರೂ ಬಲ್ಲ ಆಟಗಾರನು ಐದು ಆಟೀನು ಎಂದು ಕೂಗುತ್ತಾನೆ. ಅವರು 'ಡಬಲ್' ಎನ್ನುತ್ತಾರೆ. ಎಂಟೇ ಪಟ್ಟು ಬಂದವು, ಮೂರು ಕಡಮೆಯಾದವು ಎನ್ನಿ, ದಂಡ 500. ಸೋತೆವು, ಆದರೆ 120 ಅಂಕ ಉಳಿಸಿಕೊಂಡೆವು. ಇದಕ್ಕೆ ಬಲಿದಾನದ ಕೂಗು ಎಂದು ಹೆಸರು. ನಾಲ್ಕು ಕಡಮೆಯಾದರೆ ದಂಡ 800, ಬಲಿ ವ್ಯರ್ಥ. ಹಿಂದೆ ಆ ನಾಲ್ಕನೆಯದಕ್ಕೆ ದಂಡ 700 ಇದ್ದಿತು. ಬಲಿದಾನ ತೀರ ಅಗ್ಗವಾದುದರಿಂದಲೋ ಏನೋ 1987ರ ನಿಯಮಾವಳಿಯಲ್ಲಿ ದಂಡವನ್ನು ಏರಿಸಿದರು.

ಎಲ್ಲಕ್ಕೂ ಕೆಟ್ಟದ್ದು ಇನ್ನೊಂದಿದೆ. ಎದುರಿನವರ ನಾಲ್ಕು ಇಸ್ಪೇಟು ತಾನಾಗಿಯೇ ಬೀಳುವಂತಿದ್ದು, ನಾವು ಸುಮ್ಮನಿದ್ದರೆ ನಮಗೇ ಅಂಕ ಬರುತ್ತಿದ್ದಾಗ, ಹೆದರಿ ಐದು ಕೂಗಿ ದಂಡ ತೆರುವುದು. ಇಂಥ ಹುಸಿ ಬಲಿದಾನವನ್ನು ನೋಡಿದಾಗಲೆಲ್ಲ ನನಗೆ ಆ ಒಕ್ಕಲಿಗರ ತೆಂಗಿನಕಾಯಿ ನೆನಪಾಗುತ್ತದೆ. ಸಾಹುಕಾರರಿಗೆ ಕಾಯಿ ಬೇಕಾಗಿಯೇ ಇರಲಿಲ್ಲ. ಬೀಗರನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿ ತಾವು ಕೆಳಗೆ ಕೂರಬೇಕಾಗಿತ್ತು. ನಿಪುಣರು ಬ್ರಿಜ್ಜಿನಲ್ಲಿ ಮಾಡುವುದೂ ಅದನ್ನೇ: ಎದುರಿನವರನ್ನು ಅವರು ಗೆಲ್ಲಬಲ್ಲ ಮೆಟ್ಟಿಲಿನಿಂದ ಒಂದೇ ಒಂದು ಮೆಟ್ಟಿಲು ಆಚೆಗೆ ನೂಕಿ, ಆಮೇಲೆ ಬಾಯಿ ಮುಚ್ಚಿಕೊಳ್ಳುವುದು. ನೂಕುವುದು ಎಲ್ಲರಿಗೂ ಬರುತ್ತದೆ. ಬಾಯಿ ಮುಚ್ಚಿಕೊಳ್ಳುವುದು ಬರುವುದು ಬಲು ಕೆಲವರಿಗೆ. ಇನ್ನು ಕೆಲವರು ಮೊದಲ ಕೂಗನ್ನೇ ಮೂರೋ ನಾಲ್ಕೋ ಮೆಟ್ಟಿಲ ಮೇಲಿಂದ ಕೂಗಿ ಎದುರಿನವರ ಉಸಿರು ಕಟ್ಟಿಸುತ್ತಾರೆ. ಹನ್ನೊಂದು ರೂಪಾಯಿಗೆ ಶುರುವಾಗಬೇಕಾದ ಕಾಯಿಗೆ ಒಮ್ಮೆಗೇ ಇನ್ನೂರು ಕೂಗಿದ ಹಾಗೆ.

ಎಲ್ಲಿಯವರೆಗೆ ಕೂಗಬೇಕು ಎಂಬುದಕ್ಕೆ ಲೆಕ್ಕ ಉಂಟೆ? ಬಹುಕಾಲ ಇರಲಿಲ್ಲ, ಅನುಭವ ಹೇಳಿದಂತೆ ಕೂಗುತ್ತಿದ್ದರು. 1960ರ ದಶಕದಲ್ಲಿ ಫ್ರಾನ್ಸಿನ ಜಾನ್ ರೆನೆ ವೆರ್ನ್ ಎಂಬವರು ದೊಡ್ಡ ಪಂದ್ಯಗಳ ಆಟಗಳನ್ನು ರಾಶಿ ಹಾಕಿ ನೋಡಿ ಒಂದು ಸೂತ್ರ ಕಂಡರು. 1969ರಲ್ಲಿ ಅದು ಅಮೆರಿಕದ 'ಬ್ರಿಜ್ ವರ್ಲ್ಡ್' ಪತ್ರಿಕೆಯಲ್ಲಿ ಬಂದಿತು. 1992ರಲ್ಲಿ ಲ್ಯಾರಿ ಕೋಹನ್ನರ ಪುಸ್ತಕದಿಂದ ಮನೆಮಾತಾಯಿತು. ಸೂತ್ರ ಸರಳ. ನಮ್ಮ ಪಕ್ಷಕ್ಕೆ ಒಂಬತ್ತು ಇಸ್ಪೇಟು, ಎದುರಿನವರಿಗೆ ಎಂಟು ಆಟೀನು ಇದ್ದರೆ, ಒಂಬತ್ತೂ ಎಂಟೂ ಕೂಡಿ ಹದಿನೇಳು. ಅವರವರ ಹುಕುಮಿನಲ್ಲಿ ಎರಡೂ ಪಕ್ಷ ಗೆಲ್ಲಬಲ್ಲ ಪಟ್ಟುಗಳನ್ನು ಕೂಡಿದರೂ ಸಾಮಾನ್ಯವಾಗಿ ಹದಿನೇಳರ ಆಸುಪಾಸೇ ಬರುತ್ತದೆ. ಈಗ ಅವರು ಮೂರು ಆಟೀನು, ಎಂದರೆ ಒಂಬತ್ತು ಪಟ್ಟು, ಕೂಗಿದರು. ಅವರು ಒಂಬತ್ತು ಗೆಲ್ಲುವವರಾದರೆ ನಮಗೆ ಎಂಟು. ಮೂರು ಇಸ್ಪೇಟು ಕೂಗಿ ಒಂದು ಕಡಮೆಯಾದರೆ, ನಾವು ವಲ್ನರಬಲ್ ಅಲ್ಲದಿದ್ದಾಗ, ಡಬಲಾದರೂ ನೂರು ಅಂಕ ಹೋಗುತ್ತದೆ. ಸುಮ್ಮನಿದ್ದರೆ 140 ಹೋಗುತ್ತಿತ್ತು. ಅವರಿಗೆ ಎಂಟೇ ಎನ್ನುವುದಾದರೆ ನಮಗೆ ಒಂಬತ್ತು. ಮೂರು ಇಸ್ಪೇಟು ನಮ್ಮದೇ. ಎರಡು ಬಗೆಯಲ್ಲೂ ಕೂಗಿದ್ದೇ ಲೇಸು. ಸೂತ್ರ ಎಲ್ಲ ಕಾಲಕ್ಕೂ ಸರಿಬರುವುದಿಲ್ಲವೆಂದು ವಾದ ಹೂಡುವವರೂ ಇದ್ದಾರೆ. ಒಂದೆರಡು ಪಟ್ಟು ಹೆಚ್ಚುಕಡಮೆ ಆಗುವುದುಂಟು. ಆದರೆ ಹಟಕ್ಕೆ ಒಂದು ಗಡಿ ಹಾಕಿದ ಕೀರ್ತಿ ವೆರ್ನರಿಗೆ ಸಲ್ಲಬೇಕು.

ಇಂಥ ಕೂಗಿನ ಪದ್ಧತಿಗಳ ಮೇಲೆ ಒಂದು ಕಾಲಕ್ಕೆ ಊರಿಗೆ ಊರೇ ಪಕ್ಷ ಕಟ್ಟಿತ್ತು. 1931ರ ಡಿಸೆಂಬರಿನಿಂದ 1932ರ ಜನವರಿಯವರೆಗೆ ನ್ಯೂಯಾರ್ಕಿನಲ್ಲಿ ಈಲಿ ಕಲ್ಬರ್ಟ್‌ಸನ್ ಮತ್ತು ಸಿಡ್ನಿ ಲೆಂಜ್ ತಮ್ಮ ತಮ್ಮ ಪದ್ಧತಿಯೇ ಮೇಲೆಂದು ನೂರೈವತ್ತು ರಬ್ಬರು ಆಡಿದರು. ಕಲ್ಬರ್ಟ್‌ಸನ್ 8,980 ಅಂಕಗಳಿಂದ ಗೆದ್ದು ಪುಸ್ತಕ ಮಾರಿ ಹಣ ಮಾಡಿಕೊಂಡರು.

ಆದರೆ ಸವಾಲಿಗೆ ಒಂದು ರೋಗವೂ ಹುಟ್ಟಿನಿಂದಲೇ ಅಂಟಿದೆ. ಸಾರಾಯಿಯ ಹರಾಜನ್ನು ಬಲ್ಲವರಿಗೆ ಗೊತ್ತು: ಕಟ್ಟೆಯ ಮೇಲೆ ಕೂಗಾಡುತ್ತಿದ್ದವರು ಹಿಂದಿನ ರಾತ್ರಿಯೇ ಒಂದು ಕೋಣೆಯಲ್ಲಿ ಕೂತು ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಿಕೊಂಡಿರುತ್ತಿದ್ದರು. ಬ್ರಿಜ್ಜಿನಲ್ಲಿ ಜೊತೆಗಾರರ ನಡುವೆ ಒಪ್ಪಂದವಿರಬಹುದು, ಆದರೆ ಗುಟ್ಟು ಇರಕೂಡದು. ನನ್ನ ಕೂಗಿಗೆ ನಾವು ಇಟ್ಟುಕೊಂಡ ಅರ್ಥವೇನೆಂದು ಎದುರಿನವರು ಕೇಳಿದರೆ ಹೇಳತಕ್ಕದ್ದು. ಈ ನಿಯಮವಿಲ್ಲದಿದ್ದರೆ ಆಟವೇ ಇಲ್ಲ. 1965ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವಪಂದ್ಯದಲ್ಲಿ ಇಂಗ್ಲೆಂಡಿನ ಟೆರೆನ್ಸ್ ರೀಸ್ ಮತ್ತು ಬೋರಿಸ್ ಶಪೀರೋ ಎಲೆ ಹಿಡಿದ ಬೆರಳುಗಳಿಂದ ಸಂಜ್ಞೆ ಮಾಡಿದರೆಂದು ಆರೋಪ ಬಂದು, ವಿಶ್ವಸಂಸ್ಥೆ ಒಂದು ತೀರ್ಪು, ಇಂಗ್ಲೆಂಡಿನ ವಿಚಾರಣೆ ಇನ್ನೊಂದು ತೀರ್ಪು ಕೊಟ್ಟುವು. 1975ರಿಂದ ವಿಶ್ವಪಂದ್ಯಗಳಲ್ಲಿ ಜೊತೆಗಾರರ ನಡುವೆ ಅಡ್ಡಲಾಗಿ ಪರದೆ ನಿಲ್ಲಿಸಿದರು. ಸ್ವೀಡನ್ನಿನಲ್ಲಿ ಹುಟ್ಟಿದ ಪೆಟ್ಟಿಗೆಯೊಂದು ಬಂದು, ಕೂಗು ಎಂಬುದು ಕೂಗಾಗಿಯೇ ಉಳಿಯಲಿಲ್ಲ. 'ಮೂರು ಇಸ್ಪೇಟು' ಎಂದು ಅಚ್ಚಾದ ಚೀಟಿಯನ್ನು ತೆಗೆದು ಮೇಜಿನ ಮೇಲಿಡುವುದಷ್ಟೆ. ದನಿಯ ಏರಿಳಿತದಲ್ಲಿ ಗುಟ್ಟು ಹೇಳುವವರ ಬಾಯಿ ಹೀಗೆ ಕಟ್ಟಿತು. ಆದರೂ 2015ರಲ್ಲಿ ಇಸ್ರೇಲಿನ ಫಿಶರ್ ಮತ್ತು ಶ್ವಾರ್ಟ್ಸ್, ಎಲೆಗಳ ಹಲಗೆಯನ್ನು ಮೇಜಿನ ಮೇಲೆ ಎಲ್ಲಿ ಇಡುತ್ತಾರೆ ಎಂಬುದರಿಂದಲೇ ಜೊತೆಗಾರನಿಗೆ ಜಾತಿ ತಿಳಿಸುತ್ತಿದ್ದರೆಂದು ಚಲಚ್ಚಿತ್ರಗಳನ್ನು ನೋಡಿ ಪತ್ತೆಹಚ್ಚಿದರು. ಆ ವರ್ಷದ ವಿಶ್ವಪಂದ್ಯ ನಡೆದದ್ದು ನಮ್ಮ ಚೆನ್ನೈಯಲ್ಲಿ. ಇಸ್ರೇಲಿನ ತಂಡ ಬರಲಿಲ್ಲ.

ನಮ್ಮಲ್ಲಿ ಇಸ್ಪೀಟಿನ ಹೆಸರು ಕೆಟ್ಟಿರುವುದು ಬೇರೆ ಕಾರಣಕ್ಕೆ, ಜೂಜಿಗೆ. ಹೈದರಾಬಾದು ಸಂಸ್ಥಾನದಲ್ಲಿ 1305 ಫಸಲಿಯ ಜೂಜಿನ ಕಾಯ್ದೆ ಇದ್ದಿತು; ನಮ್ಮ ಲೆಕ್ಕದಲ್ಲಿ ಸುಮಾರು 1895-96. ಆ ಹಳೆಯ ಕಾಯ್ದೆಯ ಕೆಳಗೆ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ರಮ್ಮಿಯಾಟಕ್ಕಾಗಿ ನಡೆದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1967ರ ನವೆಂಬರಿನಲ್ಲಿ ತೀರ್ಮಾನವಾಯಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು, ಮೂರೆಲೆಯ ಆಟದಂತೆ ರಮ್ಮಿ ಬರಿಯ ಅದೃಷ್ಟದ್ದಲ್ಲ, ಅದರಲ್ಲಿರುವ ಅದೃಷ್ಟ ಬ್ರಿಜ್ಜಿನ ಹಂಚಿಕೆಯಲ್ಲಿರುವಂಥದೇ ಎಂಬ ಅಭಿಪ್ರಾಯ ಕೊಟ್ಟರು. ಎಂದರೆ ಬ್ರಿಜ್ಜಿನ ಕೌಶಲವನ್ನು ಕುರಿತು ವಾದವೇ ಬೇಕಾಗಲಿಲ್ಲ. ಅದನ್ನೇ ಅಳತೆಗೋಲಾಗಿ ಹಿಡಿದರು. ಆ ವೇಳೆಗೆ ನಮ್ಮ ನಾಲ್ಕು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದು, 1963ರ ಪೊಲೀಸ್ ಕಾಯ್ದೆಯ ಅಡಿಗೆ ಬಂದಿದ್ದುವು. 2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಬ್ರಿಜ್ಜಿಗೆ ಮೊದಲ ಸಾರಿ ಸ್ಥಾನ ಸಿಕ್ಕಾಗ, ಜೋಡಿಗಳ ಪಂದ್ಯದಲ್ಲಿ ಪ್ರಣವ್ ಬರ್ಧನ್ ಮತ್ತು ಶಿವನಾಥ ಸರ್ಕಾರ್ ಎಂಬ ಬಂಗಾಳದ ಇಬ್ಬರು ಹಿರಿಯರು ಭಾರತಕ್ಕೆ ಚಿನ್ನ ತಂದರು. ಒಬ್ಬರಿಗೆ ಅರವತ್ತು ವರ್ಷ, ಇನ್ನೊಬ್ಬರಿಗೆ ಐವತ್ತಾರು. ಮನೆಯಲ್ಲಿ ಇಸ್ಪೀಟು ಮುಟ್ಟಿದರೆ ಬೈಯುವ ಹಿರಿಯರಿಗೆ ಈ ಸಂಗತಿಯನ್ನು ಹೇಳಿ ನೋಡಬಹುದು; ಪ್ರಯೋಜನವಾದೀತೆಂಬ ಭರವಸೆಯನ್ನು ನಾನು ಕೊಡಲಾರೆ.

ಕೊಪ್ಪಳದಲ್ಲಿ ನನ್ನ ಇಬ್ಬರು ಸ್ನೇಹಿತರಿದ್ದಾರೆ. ಒಬ್ಬರು ನಿವೃತ್ತ ಮಾಸ್ತರರು, ಒಬ್ಬರು ವಕೀಲರು. ನಾನು ಹೋದಾಗಲೆಲ್ಲ ಸಂಜೆ ಅಂಗಳದಲ್ಲಿ ಚಾಪೆ ಹಾಸುತ್ತಾರೆ. ಕೋಟೆಯ ಗುಡ್ಡದ ನೆರಳು ಉದ್ದವಾಗುವವರೆಗೆ ನಾಲ್ಕನೆಯವರಿಗಾಗಿ ಕಾಯುತ್ತೇವೆ. ಮುನಿರಾಬಾದಿನಿಂದ ಬರುತ್ತೇನೆಂದವರು ಬರುವುದಿಲ್ಲ, ಬಂದವರಿಗೆ ಬ್ರಿಜ್ ಬರುವುದಿಲ್ಲ. ಕಳೆದ ಸಾರಿ ಮಾಸ್ತರರು ತೀನ್ ದೋ ಪಾಂಚ್ ಆಡೋಣವೆಂದರು. ನಾನು ಜಾನ್ ಡೋನ ಕಥೆ ಹೇಳಿದೆ. ವಕೀಲರು ಒಂದೂ ಮಾತಾಡದೆ ಎಲೆಗಳನ್ನು ಕಲಸಿ, ನಾಲ್ಕು ಪಾಲು ಮಾಡಿ, ಒಂದನ್ನು ಖಾಲಿ ಮಣೆಯ ಮುಂದಿಟ್ಟರು. ಮಾಸ್ತರರು ತಮ್ಮ ಎಲೆಗಳನ್ನು ಜೋಡಿಸಿಕೊಂಡು ಕನ್ನಡಕ ಸರಿಮಾಡಿ, ಒಂದು ಕಳಾವರ ಎಂದು ಕೂಗಿದರು.